ಲೋಟದ ತಳದ ಅರಿಶಿನ

ಹುಮನಾಬಾದಿನ ನಮ್ಮ ಕಾಕಾ ರಾತ್ರಿ ಊಟವಾದ ಮೇಲೆ ಬಿಸಿ ಹಾಲಿಗೆ ಒಂದು ಚಮಚ ಅರಿಶಿನ ಕದಡಿ ಕುಡಿಯುತ್ತಾರೆ. ನಾಲ್ಕು ವರ್ಷದ ಹಿಂದೆ ಅವರ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಕಂಡಿತ್ತು. ಅಪಾಯ ಕಡಿಮೆ, ಆಪರೇಷನ್ ಈಗಲೇ ಬೇಡ, ಆಗಾಗ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತ ಇರಿ ಎಂದಿದ್ದರು ಡಾಕ್ಟರು. ರೋಗ ಅಲ್ಲಿಂದ ಮುಂದೆ ಕದಲಿಲ್ಲ. "ನೋಡು ತಮ್ಮಾ, ಅರಿಶಿಣನೇ ಅದನ್ನ ನಿಂದ್ರಿಸ್ಯದ" ಎನ್ನುತ್ತಾರೆ ಕಾಕಾ.

ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಒಪ್ಪಲೂ ಆಗದು. ಬ್ರಿಟನ್ನಿನಲ್ಲಿ ಪ್ರಾಸ್ಟೇಟಿನಾಚೆ ಹಬ್ಬದ ಕ್ಯಾನ್ಸರ್ ಇದ್ದ 1,643 ಗಂಡಸರನ್ನು ಆಪರೇಷನ್, ವಿಕಿರಣ, ಬರೀ ನಿಗಾ ಎಂದು ಮೂರು ಪಾಲು ಮಾಡಿ ಸುಮಾರು 15 ವರ್ಷ ಗಮನಿಸಿದರು. 2023ರಲ್ಲಿ ಲೆಕ್ಕ ಹೊರಬಿತ್ತು: ಆ ಕ್ಯಾನ್ಸರಿನಿಂದಲೇ ತೀರಿಕೊಂಡವರು 45 ಜನ, ಮೂರೂ ಪಾಲಿನಲ್ಲಿ ಹೆಚ್ಚುಕಡಿಮೆ ಸಮ. ಇಷ್ಟು ನಿಧಾನದ ರೋಗದ ಎದುರು ಏನು ಕುಡಿದರೂ ಅದು ಗೆದ್ದಂತೆಯೇ ಕಾಣುತ್ತದೆ. ಆದದ್ದಕ್ಕೆ ಕಾರಣ ಹುಡುಕಬಹುದು; ಆಗದೆ ಉಳಿದದ್ದಕ್ಕೆ ಯಾರನ್ನು ಹೊಗಳಬೇಕು?

ಕಾಕಾ ಇಟ್ಟ ಲೋಟದ ತಳದಲ್ಲಿ ಹಳದಿ ಗಸಿ ಉಳಿದಿರುತ್ತದೆ. ಅರಿಶಿನದ ಸತ್ವ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಹೊಟ್ಟೆಗೆ ಹೋದದ್ದರಲ್ಲೂ ರಕ್ತ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಸತ್ವ 20 ಮಿಲಿಗ್ರಾಂ ಸೇರಿಸಿದಾಗ ರಕ್ತಕ್ಕೆ ದಕ್ಕುವ ಪಾಲು ಇಪ್ಪತ್ತು ಪಟ್ಟಾಯಿತು. ಗುಳಿಗೆ ಮಾರುವವರಿಗೆ ಅಷ್ಟು ಸಾಕಾಯಿತು. ಆದರೆ ಹೆಚ್ಚು ದಕ್ಕುವುದು ಬೇರೆ, ಗಡ್ಡೆಯನ್ನು ತಡೆಯುವುದು ಬೇರೆ. ಅಂಥ ಗುಳಿಗೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ನಿಗಾದಲ್ಲಿರುವ ರೋಗಿಗಳಲ್ಲಿ ಕೆಲವರಿಗೆ ಕರ್ಕ್ಯುಮಿನ್, ಉಳಿದವರಿಗೆ ಹುಸಿಗುಳಿಗೆ ಕೊಟ್ಟು ಟೆಕ್ಸಾಸಿನಲ್ಲಿ ಪರೀಕ್ಷೆಗೆ ಇಳಿದದ್ದು ಅದು ರೋಗವನ್ನು ತಡೆಯುತ್ತದೆಯೇ ಎಂದು ತಿಳಿಯಲಿಕ್ಕೇ.

ತಲೆತಲಾಂತರದ ಅನುಭವಕ್ಕೆ ಮತ್ತೇಕೆ ಪರೀಕ್ಷೆ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಪಕ್ಕದ ಬಸವಕಲ್ಯಾಣವನ್ನೇ ತೋರಿಸುತ್ತೇನೆ. ಅಲ್ಲಿ ಹನ್ನೆರಡನೆಯ ಶತಮಾನದಲ್ಲಿ ಅನುಭವಕ್ಕೆ ಮಂಟಪ ಬೇಕಾಯಿತು. ಒಬ್ಬೊಬ್ಬರೂ ತಮ್ಮ ಮನೆಯಲ್ಲೇ ಇಟ್ಟುಕೊಳ್ಳಬಹುದಾಗಿದ್ದ ಅನುಭವವನ್ನು ಸಭೆಗೆ ತಂದರು, ಅಲ್ಲಮನ ಪ್ರಶ್ನೆಗೆ ಒಡ್ಡಿದರು. ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬ. ಹುಸಿಗುಳಿಗೆ ನುಂಗಿದವರನ್ನೂ ಕೂಡಿಸಿಕೊಂಡು ಕೇಳುವ ಪರೀಕ್ಷೆ ನನಗೆ ಅಂಥದೇ ಸಭೆಯಾಗಿ ಕಾಣುತ್ತದೆ. ಕಾಕಾನ ಮಾತು ಅಲ್ಲಿ ಒಂದು ಸಾಕ್ಷಿ. ಅರಿಶಿನ ಕುಡಿಯದೆಯೂ ನೆಟ್ಟಗಿರುವವನದು ಇನ್ನೊಂದು.

ಸಭೆ ಕೂಡದಿದ್ದರೆ ಕೇಡೂ ಕಾಣುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತದೆಂದು ನಂಬಿದ್ದ ವಿಟಮಿನ್ ಇ ಗುಳಿಗೆಯನ್ನು ಅಮೆರಿಕದ ಸೆಲೆಕ್ಟ್ ಪ್ರಯೋಗದಲ್ಲಿ ಒರೆಗೆ ಹಚ್ಚಿದರು; ಅದರಲ್ಲಿದ್ದವರು ಒಟ್ಟು 35,533 ಗಂಡಸರು. ಅದನ್ನು ನುಂಗಿದವರಲ್ಲೇ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚೆಂದು 2011ರಲ್ಲಿ ಗೊತ್ತಾಯಿತು. ಒಬ್ಬೊಬ್ಬನನ್ನೇ ಕೇಳಿದ್ದರೆ ಯಾರಿಗೂ ಇದು ತಿಳಿಯುತ್ತಿರಲಿಲ್ಲ.

ಇದನ್ನೆಲ್ಲ ಹೇಳಿದಾಗ ಕಾಕಾ ಸುಮ್ಮನೆ ಕೇಳಿದರು. "ಹಂಗಾರ ಬಿಟ್ಟುಬಿಡ್ಲೇನು?"

"ಹಾಲು ಕುಡೀರಿ ಕಾಕಾ, ಗುಳಿಗಿ ಬ್ಯಾಡ. ಪಿಎಸ್‌ಎ ತಾರೀಖು ಮಾತ್ರ ತಪ್ಪಸಬ್ಯಾಡ್ರಿ."

ಅವರು ಲೋಟಕ್ಕೆ ಒಂದಿಷ್ಟು ನೀರು ಹಾಕಿ ಗಸಿ ಕದಡಿ ಅದನ್ನೂ ಕುಡಿದರು. ಆಮೇಲೆ ಗೋಡೆಯ ಕ್ಯಾಲೆಂಡರ್ ಇಳಿಸಿ, ಪೆನ್ನು ನನ್ನ ಕೈಗೆ ಕೊಟ್ಟರು.