ದಾರಿಯಲ್ಲಿ ನಿಂತ ಮನೆ

ಮನೆಯನ್ನೇ ಮೋಟಾರಿನ ಮೇಲೆ ಹೇರಿಕೊಂಡು ದೇಶ ಸುತ್ತುವವನಿಗೆ ಇತರ ಪ್ರವಾಸಿಗಳಿಗಿಲ್ಲದ ಒಂದು ಸಂಕಟವುಂಟು. ಯಂತ್ರವು ಕೆಟ್ಟು ನಿಂತಿತೆಂದರೆ ಪಯಣವೊಂದೇ ಅಲ್ಲ, ಒಲೆ, ಹಾಸಿಗೆ, ಸೂರು ಎಲ್ಲವೂ ದಾರಿಯ ಬದಿಯಲ್ಲಿ ನಿಂತುಬಿಡುವುವು. ಆಗ ತಪ್ಪು ಯಾರದು? ಯಂತ್ರದ್ದೋ, ದೈವದ್ದೋ, ತನ್ನದೋ? ಈ ಪ್ರಶ್ನೆಗೆ ಮನುಷ್ಯನು ಕೊಡುವ ಉತ್ತರದಲ್ಲಿಯೇ ಅವನ ಶೀಲದ ಪರೀಕ್ಷೆಯಿದೆ.

ಅಮೇರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಟ್ರಕ್ಕಿನ ಮೇಲೆ ಪುಟ್ಟದೊಂದು ಮನೆಯನ್ನು ಕೂರಿಸಿಕೊಂಡು, ಚಾರ್ಲಿ ಎಂಬ ನಾಯಿಯೊಡನೆ ತನ್ನ ದೇಶವನ್ನು ಸುತ್ತಿದನು. ಆ ಪ್ರವಾಸದ ಕಥನ 'ಟ್ರಾವೆಲ್ಸ್ ವಿತ್ ಚಾರ್ಲಿ' 1962ರಲ್ಲಿ ಪ್ರಕಟವಾಯಿತು. ಅದರ ಕೆಲವು ವಿವರಗಳನ್ನು ಮುಂದಿನವರು ಸಂದೇಹಿಸಿದ್ದುಂಟು. ಆದರೂ ಅದರೊಳಗಿನ ಒಂದು ಪ್ರಸಂಗ ಮನನಯೋಗ್ಯವಾಗಿದೆ. ಆರೆಗಾನ್ ಪ್ರಾಂತದಲ್ಲಿ, ಮಳೆ ಸುರಿಯುವ ಒಂದು ಭಾನುವಾರ, ಬಂಡಿಯ ಹಿಂದಿನ ಟೈರು ಸಿಡಿಯಿತು. ಕೆಸರಿನಲ್ಲಿ ಮಲಗಿ ಅವನು ಚಕ್ರವನ್ನು ಬದಲಿಸಿದನು. ಅಷ್ಟರಲ್ಲಿ ಇನ್ನೊಂದು ಟೈರೂ ಉಬ್ಬಿಕೊಂಡು, ಇಂದೋ ನಾಳೆಯೋ ಎನ್ನುವಂತಿತ್ತು.

ಎಣ್ಣೆ ಬದಲಿಸುವುದರಲ್ಲಿ ಅವನು ಎಂದೂ ಉಪೇಕ್ಷೆ ಮಾಡಿದವನಲ್ಲ. ಆದರೆ ಬೇಕು ಬೇಡವೆನ್ನದೆ ಸಾಮಾನು ತುಂಬಿದ್ದನು; ಆ ಭಾರಕ್ಕೆ ತಕ್ಕ ಟೈರುಗಳು ಮೊದಲಿನಿಂದಲೂ ಇರಲಿಲ್ಲ. ಒಂದು ಲೀಟರು ನೀರು ಒಂದು ಕಿಲೋಗ್ರಾಮು ತೂಗುತ್ತದೆ. ಪಾತ್ರೆ, ಪುಸ್ತಕ, ಆಹಾರ ಎಲ್ಲಕ್ಕೂ ತೂಕವುಂಟು. ಭಾರ ಮಿತಿ ಮೀರಿದರೆ ಟೈರು ಅತಿಯಾಗಿ ಬಾಗಿ, ಕಾದು, ಕಡೆಗೆ ಒಡೆಯುವುದು. ಇದರಲ್ಲಿ ದೈವದ ಕೋಪವೇನೂ ಇಲ್ಲ. ಆಸೆಯು ಹೇರಿದ ಹೊರೆಯನ್ನು ಯಂತ್ರವು ಲೆಕ್ಕವಿಟ್ಟು ಒಪ್ಪಿಸುವುದು, ಅಷ್ಟೆ.

ಆದರೂ ಎಷ್ಟೇ ಎಚ್ಚರವಿದ್ದರೂ ಕೆಡುವುದು ಯಂತ್ರದ ಧರ್ಮ. ಆಗ ಮಾಡತಕ್ಕುದೇನು? ಬಂಡಿಯನ್ನು ದಾರಿಯಿಂದ ಪಕ್ಕಕ್ಕೆ ಸರಿಸುವುದು, ಒಳಗಿನವರನ್ನು ವಾಹನಗಳ ಓಡಾಟದಿಂದ ದೂರ ನಿಲ್ಲಿಸುವುದು, ಹಿಂದಿನವರಿಗೆ ಎಚ್ಚರಿಕೆಯ ಗುರುತು ಇಡುವುದು. ಇವೆಲ್ಲಕ್ಕಿಂತ ಕಠಿಣವಾದುದು ನಾಲಗೆಯ ಸಂಯಮ. ಕಬ್ಬಿಣಕ್ಕೆ ಬೈಗುಳ ತಾಗದು; ಪಕ್ಕದಲ್ಲಿರುವ ಹೆಂಡತಿ ಮಕ್ಕಳಿಗೆ ತಾಗುವುದು. ಯಂತ್ರದ ಗಾಯ ಒಂದು ದಿನದಲ್ಲಿ ಮಾಯಬಹುದು, ಮಾತಿನ ಗಾಯ ಊರು ಸೇರಿದ ಮೇಲೂ ಉಳಿಯುವುದು.

ಸ್ಟೈನ್‌ಬೆಕ್ ಕಡೆಗೆ ಒಂದು ಪೆಟ್ರೋಲು ಬಂಕನ್ನು ಸೇರಿದನು. ಅಲ್ಲಿದ್ದವನು ಮುಖದಲ್ಲಿ ಗಾಯದ ಕಲೆಯುಳ್ಳ, ನೋಡಿದರೆ ಅಂಜಿಕೆ ಹುಟ್ಟಿಸುವ ದೈತ್ಯ. ಆ ರಜೆಯ ದಿನವೂ ಅವನೇ ಊರೂರಿಗೆ ಟೆಲಿಫೋನು ಮಾಡಿ, ತಕ್ಕ ಟೈರುಗಳನ್ನು ಹುಡುಕಿಸಿದನು. ನಾಲ್ಕು ಗಂಟೆಗಳೊಳಗೆ ಬಂಡಿ ಸಿದ್ಧವಾಯಿತು. ಕೀರ್ತಿವಂತನಾದ ಲೇಖಕನು ಆ ಅಪರಿಚಿತನ ಕೈಗೆ ಮುತ್ತಿಡಬೇಕೆನ್ನುವಷ್ಟು ಕೃತಜ್ಞನಾದನು.

ತಾನು ಸ್ವತಂತ್ರನೆಂದು ಮನೆಯನ್ನೇ ಹೊತ್ತು ಹೊರಟವನಿಗೆ ಕೆಟ್ಟು ನಿಂತ ಬಂಡಿಯು ಕಲಿಸುವ ಪಾಠವಿದು: ಬದುಕು ಪರರ ಕಾಯಕದ ಮೇಲೆ ನಿಂತಿದೆ. ಹೊರಡುವ ಮುನ್ನ ಹೊರೆಯನ್ನು ಇಳಿಸುವುದು, ನಿಂತಾಗ ಸಿಟ್ಟನ್ನು ಇಳಿಸುವುದು, ನೆರವಾದವನ ಮುಂದೆ ಅಹಂಕಾರವನ್ನು ಇಳಿಸುವುದು, ಈ ಮೂರನ್ನು ಅರಿತ ಗೃಹಸ್ಥನಿಗೆ ದಾರಿಯಲ್ಲಿ ನಿಂತರೂ ಮನೆ ಮನೆಯೇ.