ಗುಜರಿಯ ಯೆಜ್ಡಿ

ಅಪ್ಪನ ಯೆಜ್ಡಿಯ ಹೆಡ್ ಬಿಚ್ಚಿದೆ. ಸಿಲಿಂಡರಿನ ಒಳಗೋಡೆಯಲ್ಲಿ ಉಗುರಿಗೆ ಸಿಗುವಷ್ಟು ಆಳದ ಗೀರು. ಪೆಟ್ರೋಲಿಗೆ ಆಯಿಲ್ ಬೆರೆಸಲು ಮರೆತವನು ನಾನೇ. ಟೂ ಸ್ಟ್ರೋಕಿನ ಪಿಸ್ಟನ್ನಿಗೆ ಬೇರೆ ಎಣ್ಣೆಯ ದಾರಿಯಿಲ್ಲ. ಮತ್ತೆ ಬೋರ್ ಮಾಡಿಸಲು ಗೋಡೆಯಲ್ಲಿ ದಪ್ಪ ಉಳಿದಿಲ್ಲ. ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ.

ಗುಜರಿಯವನು ಇನ್ನೊಂದು ಯೆಜ್ಡಿ ತೋರಿಸಿದ. ಕಿಕ್ ಹೊಡೆದರೆ ಶುರುವಾಗುವ ಗಾಡಿ! “ಸಿಲಿಂಡರ್ ಬಿಚ್ಚಿಕೊಡ್ತೀನಿ ಸಾರ್, ಉಳಿದದ್ದು ತೂಕಕ್ಕೆ.” ಟ್ಯಾಂಕಿನ ಮೇಲೆ ಯಾವುದೋ ಮಗು ಅಂಟಿಸಿದ ಸ್ಟಿಕ್ಕರ್. ನನ್ನ ಅಪ್ಪನ ನೆನಪು ಉಳಿಯಲು ಇನ್ನೊಬ್ಬರ ಅಪ್ಪನದು ತೂಕಕ್ಕೆ ಹೋಗಬೇಕೆ? ಅವರೇ ಮಾರಿದ್ದಲ್ಲವೇ ಎನ್ನಬಹುದು; ಮಾರಿದವರ ಕಷ್ಟ ನನಗೇನು ಗೊತ್ತು.

ಇಡೀ ಗಾಡಿಯನ್ನೇ ಕೊಂಡು ತಂದೆ. “ಓಡೋದನ್ನೇ ಓಡಿಸಿದ್ರಾಯ್ತಲ್ಲ,” ಎಂದಳು ಹೆಂಡತಿ. ಸರಿಯೇ. ಎರಡೂ ಅಂಗಳದಲ್ಲಿವೆ. ಸ್ಪ್ಯಾನರ್ ಇನ್ನೂ ಡಬ್ಬಿಯಲ್ಲೇ ಇದೆ.