ಹಿಟ್ಟಿನ ಕೋಳಿ, ಹಣ್ಣಿನ ಕೇಕು

ಜನ್ನನ ‘ಯಶೋಧರ ಚರಿತೆ’ಯನ್ನು ಪಾಠ ಹೇಳುವಾಗ ಪ್ರತಿವರ್ಷವೂ ತರಗತಿಯಲ್ಲಿ ಒಂದು ತಕರಾರು ಏಳುತ್ತದೆ. ತಾಯಿಯ ಮಾತಿಗೆ ಕಟ್ಟುಬಿದ್ದು ಯಶೋಧರ ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ತಾಯಿ ಮಗ ಇಬ್ಬರೂ ಮೃಗಪಕ್ಷಿಗಳಾಗಿ ಹುಟ್ಟಿ ಹುಟ್ಟಿ ನೋಯುತ್ತಾರೆ. “ಹಿಟ್ಟು ಕಡಿದರೂ ಪಾಪವೆ, ಸಾರ್?” ಎಂದು ಹುಡುಗರು ಕೇಳುತ್ತಾರೆ. ಸಂಕಲ್ಪವೇ ಹಿಂಸೆ ಎಂಬುದು ಕ್ರಿ.ಶ. 1209ರ ಆ ಕಾವ್ಯದ ಉತ್ತರ. ಸರಿ, ಸಂಕಲ್ಪ ನಿರ್ಮಲವಾಗಿದ್ದು ವಸ್ತುವೇ ಹಿಂಸೆಯಿಂದ ಬಂದದ್ದಾದರೆ?

ಈ ಪ್ರಶ್ನೆ ನನಗೆ ಎದುರಾದದ್ದು ಅಡಿಗೆಮನೆಯಲ್ಲಿ. ಬರುವ ತಿಂಗಳು ನಮ್ಮ ಸೋದರತ್ತೆಯ ಸಹಸ್ರಚಂದ್ರದರ್ಶನ. ಹೋಳಿಗೆ, ಚಿರೋಟಿಗಳ ಜೊತೆಗೆ ಆಕೆ ಬಯಸಿರುವುದು ಒಂದು ಜೆಲ್ಲಿ ಕೇಕನ್ನು. ಹಿಂದೆ ಫ್ರೇಜರ್ ಟೌನಿನ ಬಾಡಿಗೆಮನೆಯಲ್ಲಿದ್ದಾಗ ಪಕ್ಕದ ಮನೆಯ ಆಂಗ್ಲೋ-ಇಂಡಿಯನ್ ಗೆಳತಿ ಹುಟ್ಟುಹಬ್ಬಗಳಿಗೆ ಮಾಡಿ ಕಳಿಸುತ್ತಿದ್ದದ್ದು: ಕೆಳಗೆ ಪುಡಿಮಾಡಿದ ಬಿಸ್ಕತ್ತು, ನಡುವೆ ಕೆನೆ, ಮೇಲೆ ಗಾಜಿನಂತೆ ಹೊಳೆಯುವ ಕೆಂಪು ಪದರದೊಳಗೆ ದ್ರಾಕ್ಷಿ, ಕಿತ್ತಳೆಯ ತೊಳೆ, ಡಬ್ಬಿಯ ಅನಾನಸು. ಅತ್ತೆಯ ಆಚಾರವನ್ನು ಬಲ್ಲ ಆಕೆ ಮೊಟ್ಟೆ ಸೋಕದ ಪಾತ್ರೆಯೊಂದನ್ನು ಅದಕ್ಕೆಂದೇ ಬೇರೆ ಇಟ್ಟಿದ್ದರಂತೆ. ಆಕೆ ಇಂಗ್ಲಿಷಿನಲ್ಲಿ ಬರೆದುಕೊಟ್ಟ ವಿಧಾನದ ಚೀಟಿಯನ್ನು ಅತ್ತೆ ಜೋಪಾನವಾಗಿಟ್ಟಿದ್ದರು, ಓದಿರಲಿಲ್ಲ. ಮೊನ್ನೆ ನನ್ನ ಮಡದಿ ಓದಿದಳು. ಎರಡು ಚಮಚ ಜೆಲಟಿನ್! ದನವೋ ಹಂದಿಯೋ, ಅವುಗಳ ಮೂಳೆ ಚರ್ಮಗಳಿಂದ ಇಳಿಸಿದ ಸತ್ವ. ಆಗ ಪೊಟ್ಟಣದ ಮೇಲಿನ ಚಿಕ್ಕೆ ಎಚ್ಚರಿಸುತ್ತಿರಲಿಲ್ಲ. ಮಾಂಸಾಹಾರದ ಗುರುತು ನಮ್ಮಲ್ಲಿ ಕಡ್ಡಾಯವಾದದ್ದು 2001ರಲ್ಲಿ.

ಜನ್ನನ ತಕ್ಕಡಿಯಲ್ಲಿ ತೂಗಿದರೆ ಅತ್ತೆಗೂ ದೋಷವಿಲ್ಲ, ಗೆಳತಿಗೂ ಇಲ್ಲ. ಆದರೆ ನಮಗೆ ಈಗ ಗೊತ್ತು. “ಔಷಧಿಯ ಕ್ಯಾಪ್ಸೂಲಿನಲ್ಲಿ, ಗೋಡೆಯ ಮೇಲಿನ ಹಳೆಯ ಮದುವೆಯ ಫೋಟೋದ ಲೇಪದಲ್ಲಿ ಎಲ್ಲ ಇರುವುದು ಅದೇ, ಇದೊಂದಕ್ಕೆ ಏಕೆ ಗಲಾಟೆ?” ಎಂದರು ನಮ್ಮ ರಸಾಯನಶಾಸ್ತ್ರದ ಮೇಷ್ಟರು. ವ್ರತ ಅವರದೂ ಅಲ್ಲ, ಕಾಲೇಜಿನ ಕ್ಯಾಂಟೀನಿನಲ್ಲಿ ಆಮ್ಲೆಟ್ ತಿನ್ನುವ ನನ್ನದೂ ಅಲ್ಲ. ಪರರ ವ್ರತದಲ್ಲಿ ರಿಯಾಯಿತಿ ಕೊಡುವ ಅಧಿಕಾರ ನಮಗೆಲ್ಲಿಂದ ಬಂತು?

ಆದ್ದರಿಂದ ಕೇಕಿಗೆ ಅಗರ್, ಎಂದರೆ ಅಂಗಡಿಯವರು ಚೈನಾ ಗ್ರಾಸ್ ಎನ್ನುವ ಕಡಲ ಪಾಚಿಯ ಸತ್ವ. ತೊಡಕು ಅಲ್ಲಿಗೆ ಮುಗಿಯಲಿಲ್ಲ. ಜೆಲಟಿನ್ 35 ಡಿಗ್ರಿಯ ಆಸುಪಾಸಿನಲ್ಲೇ, ನಾಲಗೆಯ ಬಿಸಿಗೇ ಕರಗುತ್ತದೆ. ಅಗರ್ ಕರಗಲು 85 ಡಿಗ್ರಿಯಷ್ಟು ಬೇಕು. ಅದು ಬಾಯಲ್ಲಿ ಕರಗದು, ಮುರಿಯುತ್ತದೆ. “ಅದರ ಹಾಗಿಲ್ಲವಲ್ಲೋ, ಏಕೆ?” ಎಂದು ಅತ್ತೆ ಕೇಳುವುದು ಖಂಡಿತ.

“ಕೈ ಜಾರಿತು ಎಂದುಬಿಡಿ,” ಎನ್ನುತ್ತಾಳೆ ಮಡದಿ. ಆಕೆಯ ಕರುಣೆ ನನಗೆ ಅರ್ಥವಾಗುತ್ತದೆ. ಕೇಳದಿದ್ದರೆ ನಾನೂ ಬಾಯಿ ಬಿಡುವವನಲ್ಲ. ಹಳೆಯ ಸವಿಯನ್ನು ಕರೆದು ಕೂರಿಸಿ ವಿಚಾರಣೆ ಮಾಡಬೇಕಾಗಿಲ್ಲ. ಆದರೆ ಕೇಳಿದ ಮೇಲೆ? ಎಂಬತ್ತು ವರ್ಷ ಬಾಳಿದ ಹೆಂಗಸು ಇಷ್ಟನ್ನು ತಾಳಲಾರಳೆಂದು ನಾವು ತೀರ್ಮಾನಿಸುವುದು ಆಕೆಯನ್ನು ಮಗುವೆಂದು ಬಗೆದಂತೆ. ಹೇಳುತ್ತೇನೆ, ಅದೇ ಉಸಿರಿನಲ್ಲಿ ಆ ಬೇರೆ ಪಾತ್ರೆಯ ಮಾತನ್ನೂ ನೆನಪಿಸುತ್ತೇನೆ.

ಇನ್ನೊಂದು ವಿಷಯ. ಹಸಿ ಅನಾನಸಿನ ಕಿಣ್ವ ಜೆಲಟಿನ್ನನ್ನು ಹೆಪ್ಪುಗಟ್ಟಗೊಡುವುದಿಲ್ಲ. ಡಬ್ಬಿಯ ಹಣ್ಣು ಹಾಕುತ್ತಿದ್ದದ್ದು ಅದಕ್ಕೇ. ಅಗರಿಗೆ ಆ ಹೆದರಿಕೆಯಿಲ್ಲ. ಮಾರ್ಕೆಟ್ಟಿನಿಂದ ಮಾಗಿದ್ದನ್ನೇ ನೋಡಿ ತರಬೇಕೆಂದು ನನಗೆ ಅಪ್ಪಣೆಯಾಗಿದೆ.